ಮೂವತ್ತು ಕಂತು, ಹಲವು ವಾಯಿದೆ: ದನದ ಡಾಕ್ಟರು ಕಂಡ ಒಂದು ವಿಕಿರಣ ಚಿಕಿತ್ಸೆ

ರೋಗಿ ನನ್ನ ಅಕ್ಕನ ಗಂಡ. ವಯಸ್ಸು 58, ಅರಕಲಗೂಡು ತಾಲ್ಲೂಕಿನ ರೈತ. ನಾಲ್ಕು ಎಕರೆ ಹೊಗೆಸೊಪ್ಪು, ಒಂದೂವರೆ ಎಕರೆ ಆಲೂಗೆಡ್ಡೆ, ಮಿಕ್ಕದ್ದು ರಾಗಿ. ಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ (ಹೊಗೆಸೊಪ್ಪು ಹದ ಮಾಡುವ ಬಿಸಿಮನೆ) ಮುಂದೆ ರಾತ್ರಿಯಿಡೀ ಬೆಂಕಿ ಕಾಯಬೇಕು; ನಿದ್ದೆ ಹತ್ತದಿರಲೆಂದು ಎಡಗೆನ್ನೆಯಲ್ಲಿ ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ಇಪ್ಪತ್ತೈದು ವರ್ಷ ಅದೇ ಕೆನ್ನೆ. ಕ್ಯಾನ್ಸರ್ ಹುಟ್ಟಿದ್ದೂ ಆ ಕೆನ್ನೆಯ ಒಳಪೊರೆಯಲ್ಲೇ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಗಂಟನ್ನೂ ಕತ್ತಿನ ಎಡಭಾಗದ ದುಗ್ಧರಸ ಗ್ರಂಥಿಗಳನ್ನೂ ತೆಗೆದರು. ಅದೇ ಸಂದರ್ಭದಲ್ಲಿ ಎಡ ದವಡೆಯ ಹಾಳಾದ ಹಲ್ಲುಗಳನ್ನೂ ಕಿತ್ತರು. ಎರಡು ಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶಗಳು ಸಿಕ್ಕಿದ್ದರಿಂದ ಐದು ವಾರ ಬಿಟ್ಟು ವಿಕಿರಣ ಚಿಕಿತ್ಸೆ ಶುರುವಾಯಿತು. ಒಟ್ಟು 60 ಗ್ರೇ (ಗ್ರೇ ಎಂದರೆ ಮೈ ಹೀರಿಕೊಂಡ ವಿಕಿರಣದ ಅಳತೆ). ದಿನಕ್ಕೆ 2 ಗ್ರೇಯಂತೆ 30 ಕಂತು, ವಾರಕ್ಕೆ ಐದು ದಿನ, ಆರು ವಾರ.

ನಾನು ಪಶುವೈದ್ಯ. ಭಾವನವರ ಬಾಯಲ್ಲಿ ‘ದನದ ಡಾಕ್ಟರು’. ಮನುಷ್ಯರ ಕ್ಯಾನ್ಸರ್ ನನ್ನ ಕಸುಬಲ್ಲ. ಆದರೂ ಈ ಪ್ರಕರಣವನ್ನು ಬರೆಯಲು ಕಾರಣವಿದೆ. ಆ ಆರು ವಾರಗಳಲ್ಲಿ ಮತ್ತು ಅದರ ನಂತರ ಮನೆಯವರೆಲ್ಲ ಸೇರಿ ಮೈಯ ಸೂಚನೆಗಳನ್ನು ತಪ್ಪಾಗಿ ಓದಿದರು. ಏನೂ ಆಗದಿದ್ದಾಗ ಚಿಕಿತ್ಸೆ ನಾಟುತ್ತಿಲ್ಲ ಎಂದರು. ನಾಟಿದ್ದು ಕಾಣಿಸಿದಾಗ ಏನೋ ಎಡವಟ್ಟಾಗಿದೆ ಎಂದರು. ಆಸ್ಪತ್ರೆಯವರು ಹೇಳುತ್ತಿದ್ದದ್ದು ಚುಟುಕು ಮಾತು, ಅದು ಸರಿಯಾದ ಮಾತೇ ಆಗಿತ್ತು. ಅದರ ಹಿಂದಿನ ಕಥೆ ಮಾತ್ರ ಇಲಿ, ಟಗರು, ಹಂದಿ, ಕೋತಿಗಳದು. ಅದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆಂದು ಓದಿ ಮರೆತಿದ್ದೆ. ‘ಹೆಸರು ಬೇಡ, ಮಿಕ್ಕದ್ದು ಬರಿ’ ಎಂದು ಭಾವನವರೇ ಹೇಳಿದ್ದಾರೆ.

ಮೊದಲ ಹತ್ತು ದಿನ

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಹೆಸರೇ ಅರ್ಧ ತಪ್ಪು ತಿಳಿವಳಿಕೆಗೆ ಕಾರಣ. ಕರೆಂಟು ಎಂದ ಮೇಲೆ ಹೊಡೆಯಬೇಕು, ಸುಡಬೇಕು. ಮುಖಕ್ಕೆ ಜಾಲರಿಯ ಅಚ್ಚು ಬಿಗಿದು ಹತ್ತು ನಿಮಿಷ ಮಲಗಿಸಿ ಕಳಿಸಿದರು, ಉರಿಯಿಲ್ಲ, ಬಿಸಿಯಿಲ್ಲ. ಸಂಜೆಗೆ ಎಡ ಕಿವಿಯ ಕೆಳಗೆ ಸ್ವಲ್ಪ ಊದಿ ನೋವು ಬಂತು, ಎರಡು ದಿನದಲ್ಲಿ ಇಳಿಯಿತು. ಆಮೇಲೆ ಬಾಯಿ ಒಣಗಿತು ಎನ್ನುವುದನ್ನು ಬಿಟ್ಟರೆ ಎರಡನೆಯ ವಾರದ ಮಧ್ಯದವರೆಗೂ ಏನೂ ಇಲ್ಲ. ‘ದುಡ್ಡಿಗೆ ದಂಡ’ ಎಂದರು ಭಾವ. ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಳು.

ಆ ಕಾಫಿಯನ್ನೇ ಹಿಡಿದು ಹೇಳಿದೆ. ಒಂದು ಕಿಲೋ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ಇಡೀ ಮೈಗೆ ಒಮ್ಮೆಗೇ 4 ಗ್ರೇ ಬಿದ್ದು ಆರೈಕೆ ಸಿಗದೆ ಹೋದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಾಯುತ್ತಾರೆ. ಎಪ್ಪತ್ತು ಕಿಲೋ ಮನುಷ್ಯನಲ್ಲಿ ಅದು ಬರೇ 280 ಜೂಲ್. ಒಂದು ಗುಟುಕು ಬಿಸಿ ಕಾಫಿ ಮೈಗೆ ಕೊಡುವ ಶಾಖವೂ ಅಷ್ಟೇ. ಮೈಯ ತಾಪ ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟು ಏರಬಹುದು. ಆದ್ದರಿಂದ ಇದು ಸುಡುವ ವ್ಯವಹಾರವೇ ಅಲ್ಲ. ಪೆಟ್ಟು ಬೀಳುವುದು ಕೋಶದೊಳಗಿನ ಡಿಎನ್‌ಎ ಎಳೆಗೆ. ಒಂದು ಗ್ರೇಗೆ ಪ್ರತಿ ಕೋಶದಲ್ಲೂ ಎರಡೂ ಎಳೆ ಒಟ್ಟಿಗೆ ತುಂಡಾಗುವ ಜಾಗಗಳು ಸುಮಾರು ನಲವತ್ತು. ಬಹುಪಾಲನ್ನು ಕೋಶವೇ ಬೆಸೆದುಕೊಳ್ಳುತ್ತದೆ. ಬೆಸೆಯಲಾಗದೆ ಉಳಿದ ತುಂಡುಗಳು ಕೋಶ ಎರಡಾಗಲು ಹೊರಟಾಗ ಕಾಲಿಗೆ ತೊಡರುತ್ತವೆ. ಅಲ್ಲಿಯವರೆಗೆ ಅದು ತನ್ನ ಕೆಲಸ ಮಾಡಿಕೊಂಡೇ ಇರುತ್ತದೆ.

ಭಾವನವರಿಗೆ ಇದು ಹಿಡಿಸಲಿಲ್ಲ. ಕಣ್ಣಿಗೆ ಕಾಣದ ಎಳೆಯ ಮಾತು ರೈತನಿಗೇಕೆ? ಆಗ ಆಲೂಗೆಡ್ಡೆ ನೆನಪಾಯಿತು. ಮೊಳಕೆ ಒಡೆಯದಂತೆ ದಾಸ್ತಾನಿಡುವ ಆಲೂಗೆಡ್ಡೆಗೆ ನೂರು ಗ್ರೇ ಆಸುಪಾಸಿನಲ್ಲಿ ಗಾಮಾ ಕಿರಣ ಹಾಯಿಸುವ ಪದ್ಧತಿಯಿದೆ. ಆ ಗೆಡ್ಡೆ ನೋಡಲು ಹಾಗೆಯೇ ಇರುತ್ತದೆ, ಸಾರಿಗೆ ಹಾಕಿದರೆ ಬೇಯುತ್ತದೆ. ಆದರೆ ಕಣ್ಣು ಒಡೆಯುವುದಿಲ್ಲ. ಹಾಸನದ ಮಾರುಕಟ್ಟೆಯಲ್ಲಿ ಜಲಂಧರಿನ ಬಿತ್ತನೆ ಗೆಡ್ಡೆಯ ಪಕ್ಕದಲ್ಲಿ ಅದನ್ನಿಟ್ಟರೆ ನಿಮಗೆ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಕೇಳಿದೆ.

‘ಬಿತ್ತಿದ ಮೇಲೆ ತಿಳಿಯುತ್ತದೆ’ ಎಂದರು.

ಇಡೀ ಪ್ರಕರಣದ ತಿರುಳನ್ನು ಅವರೇ ಹೇಳಿಬಿಟ್ಟಿದ್ದರು. ಫ್ರಾನ್ಸಿನ ಬೆರ್ಗೋನಿಯೆ ಮತ್ತು ಟ್ರಿಬೊಂಡೊ 1906ರಲ್ಲಿ ಇಲಿಗಳ ವೃಷಣಕ್ಕೆ ಎಕ್ಸ್‌ರೇ ಹಾಯಿಸಿ ಕಂಡದ್ದೂ ಇದನ್ನೇ. ವೀರ್ಯಾಣುಗಳನ್ನು ಹುಟ್ಟಿಸಲು ಬಿಡುವಿಲ್ಲದೆ ವಿಭಜಿಸುವ ಕೋಶಗಳು ಅಳಿದವು, ಅವುಗಳ ನಡುವೆ ಸುಮ್ಮನೆ ಕುಳಿತಿದ್ದ ಕೋಶಗಳು ಉಳಿದವು. ಹೆಚ್ಚು ವಿಭಜಿಸುವ, ಇನ್ನೂ ಬಲಿಯದ ಕೋಶಕ್ಕೆ ವಿಕಿರಣದ ಪೆಟ್ಟು ಹೆಚ್ಚು ಎಂಬ ಅವರ ನಿಯಮ ಇಂದಿಗೂ ಪಠ್ಯಪುಸ್ತಕದ ಮೊದಲ ಪುಟಗಳಲ್ಲಿದೆ. ಅದರಿಂದ ಬರುವ ಇನ್ನೊಂದು ಮಾತು ರೋಗಿಯ ಮನೆಯವರಿಗೆ ಹೆಚ್ಚು ಮುಖ್ಯ. ಒಂದು ಅಂಗಾಂಶ ತನ್ನ ಹಳೆಯ ಕೋಶಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತದೆಯೋ ಅಷ್ಟು ದಿನಗಳ ವಾಯಿದೆಯ ಮೇಲೆ ಅದರ ಹಾನಿ ಹೊರಬೀಳುತ್ತದೆ. ಬಾಯಿಯ ಪೊರೆಗೆ ಒಂದು ವಾಯಿದೆ, ಚರ್ಮಕ್ಕೆ ಒಂದು, ಮೂಳೆಗೆ ಇನ್ನೊಂದು.

ಹಾಗಾದರೆ ಮೊದಲ ಸಂಜೆಯೇ ಕಿವಿಯ ಕೆಳಗೆ ಊದಿದ್ದೇಕೆ? ಜೊಲ್ಲಿನ ಗ್ರಂಥಿಯ ಕೋಶಗಳು ಅಪರೂಪಕ್ಕೆ ವಿಭಜಿಸುವಂಥವು. ನಿಯಮದ ಪ್ರಕಾರ ಅವು ಗಟ್ಟಿಯಾಗಿರಬೇಕಿತ್ತು. ರೀಸಸ್ ಕೋತಿಗಳ ಮೇಲೆ 1980ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನಗಳು ಈ ಒಗಟನ್ನು ಬಿಡಿಸಿದವು. ಕಿವಿಯ ಮುಂದಿನ ಗ್ರಂಥಿಯಲ್ಲಿ ನೀರಾದ ಜೊಲ್ಲು ಸುರಿಸುವ ಕೋಶಗಳು ವಿಭಜನೆಗೆ ಕಾಯದೆ, ಕಿರಣ ಬಿದ್ದ ಒಂದು ದಿನದೊಳಗೆ ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ. ನಿಯಮ ಹೇಳಿದವರಿಗೆ ಗೊತ್ತಿರದ ಅಪವಾದ ಅದು. ಭಾವನವರ ಬಾಯಿ ಮೊದಲ ವಾರದಲ್ಲೇ ಒಣಗಿದ್ದರ ಲೆಕ್ಕ ಅಲ್ಲಿ ಸಿಕ್ಕಿತು. ಬಲಭಾಗದ ಗ್ರಂಥಿಯನ್ನು ಕಿರಣದ ದಾರಿಯಿಂದ ಆದಷ್ಟು ತಪ್ಪಿಸಿದ್ದರು. ಇಂದು ಅವರು ನೀರಿನ ಬಾಟಲಿ ಹಿಡಿಯದೆ ಒಂದೆರಡು ಗಂಟೆ ಮಾತನಾಡಬಲ್ಲರೆಂದರೆ ಅದರಿಂದ.

ವಾರಕ್ಕೊಮ್ಮೆ ರಕ್ತ ತೆಗೆಯುತ್ತಿದ್ದರು. ಕರೆಂಟಿನಿಂದ ರಕ್ತ ಬತ್ತುತ್ತದೆ ಎಂದು ಅಕ್ಕನಿಗೆ ಯಾರೋ ಹೇಳಿದ್ದರು. ಇಡೀ ಮೈಗೆ ಬಿದ್ದರೆ ನಿಜ. 1949ರಲ್ಲಿ ಲಿಯಾನ್ ಜೇಕಬ್‌ಸನ್ ಇಲಿಗಳ ಗುಲ್ಮವೊಂದನ್ನು (ಸ್ಪ್ಲೀನ್) ಮಾತ್ರ ಸೀಸದಿಂದ ಮುಚ್ಚಿ ಮಿಕ್ಕ ಮೈಗೆ ಸಾಯುವಷ್ಟು ವಿಕಿರಣ ಕೊಟ್ಟರು; ಹೆಚ್ಚಿನವು ಬದುಕಿದವು. ಇಲಿಯ ಗುಲ್ಮದಲ್ಲಿ ರಕ್ತ ತಯಾರಾಗುತ್ತದೆ. ಒಂದು ಮೂಲೆಯಲ್ಲಿ ಬಿತ್ತನೆ ಉಳಿದರೆ ಸಾಕು, ಮೈ ಅಲ್ಲಿಂದ ಮತ್ತೆ ನಾಟಿ ಮಾಡಿಕೊಳ್ಳುತ್ತದೆ. ಭಾವನವರ ಎದೆ, ಬೆನ್ನು, ಸೊಂಟದ ಮೂಳೆಗಳಲ್ಲಿ ರಕ್ತ ತಯಾರಿಸುವ ಮಜ್ಜೆಗೆ ಕಿರಣದ ಗೊಡವೆಯೇ ಇರಲಿಲ್ಲ. ರಕ್ತದ ವರದಿ ಕೊನೆಯವರೆಗೂ ಸರಿಯಾಗಿಯೇ ಬಂತು.

ಟಗರಿನ ಕಥೆ

‘ಒಂದೇ ದಿನ ಎಲ್ಲ ಕೊಟ್ಟು ಕಳಿಸಬಾರದೇ? ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಆರು ವಾರ ಬಿದ್ದಿರಬೇಕೇ?’ ಎಂಬ ಪ್ರಶ್ನೆ ಎರಡನೆಯ ವಾರಾಂತ್ಯದಲ್ಲಿ ಬಂತು. ಶುಕ್ರವಾರ ಸಂಜೆ ಕೆ.ಆರ್. ನಗರ, ರಾಮನಾಥಪುರದ ದಾರಿಯಲ್ಲಿ ಊರಿಗೆ ಬರುತ್ತಿದ್ದರು, ಸೋಮವಾರ ನಸುಕಿಗೇ ಹೊರಡುತ್ತಿದ್ದರು. ಜಗಲಿಯಲ್ಲಿ ಪಕ್ಕದ ಮನೆಯವರೂ ಇದ್ದರು. ಉತ್ತರ ನನ್ನ ಕಸುಬಿಗೆ ಸೇರಿದ್ದು, ಆದ್ದರಿಂದ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ.

ಕ್ಲೋಡ್ ರೆಗೊ ಎಂಬ ಫ್ರೆಂಚ್ ವಿಜ್ಞಾನಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ 1920ರ ದಶಕದಲ್ಲಿ ಟಗರುಗಳ ಬೀಜದ, ಅಂದರೆ ವೃಷಣದ, ಮೇಲೆ ಕಿರಣ ಹಾಯಿಸಿದರು. ಒಂದೇ ಸಲಕ್ಕೆ ಕೊಟ್ಟು ಬೀಜ ಬತ್ತಿಸಲು ಹೊರಟರೆ ಅದರ ಚೀಲದ ಚರ್ಮ ಕಿತ್ತು ಹುಣ್ಣಾಗುತ್ತಿತ್ತು. ದಿನವೂ ಸ್ವಲ್ಪಸ್ವಲ್ಪವಾಗಿ ಕಂತು ಮಾಡಿ ಕೊಟ್ಟಾಗ ಟಗರು ಬಂಜೆಯಾಯಿತು, ಚರ್ಮಕ್ಕೆ ಅಂಥ ಪೆಟ್ಟಾಗಲಿಲ್ಲ. ರೆಗೊ ಇಲ್ಲಿ ಬಿಡದೆ ವಿಭಜಿಸುವ ಬೀಜವನ್ನು ಕ್ಯಾನ್ಸರ್ ಎಂದೂ ಚರ್ಮವನ್ನು ಉಳಿಸಿಕೊಳ್ಳಬೇಕಾದ ಒಳ್ಳೆಯ ಅಂಗಾಂಶವೆಂದೂ ಭಾವಿಸಿದರು. ಅದೇ ಸಂಸ್ಥೆಯ ಆನ್ರಿ ಕೂತಾರ್ ಈ ಕಂತಿನ ದಾರಿಯನ್ನು ಗಂಟಲು ಕ್ಯಾನ್ಸರ್ ರೋಗಿಗಳಿಗೆ ಹಿಡಿದರು. ಬೀಜಕ್ಕೂ ಕ್ಯಾನ್ಸರಿಗೂ ಹೋಲಿಕೆ ಪೂರ್ತಿ ಸರಿಯಲ್ಲ ಎಂದು ಆಮೇಲಿನವರು ಆಕ್ಷೇಪಿಸಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ಆದರೆ ತೀರ್ಮಾನ ನಿಂತಿತು. ಎರಡು ಕಂತುಗಳ ನಡುವಿನ ಬಿಡುವಿನಲ್ಲಿ ಒಳ್ಳೆಯ ಕೋಶಗಳು ತುಂಡಾದ ಎಳೆ ಬೆಸೆದುಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳು ಆ ರಿಪೇರಿಯಲ್ಲಿ ಸಾಮಾನ್ಯವಾಗಿ ಹಿಂದೆ.

ನಾನು ಹಾಸನ ತಳಿಯ ಟಗರುಗಳಿಗೆ ಬೀಜ ಒಡೆದು ಒಡೆದು ಕೈ ಗಟ್ಟಿ ಮಾಡಿಕೊಂಡವನು. ‘ಇಷ್ಟಕ್ಕೆ ಪ್ಯಾರಿಸ್ಸಿನವರು ಇಕ್ಕಳ ತರಿಸಿಕೊಂಡಿದ್ದರೆ ಆಗುತ್ತಿತ್ತು’ ಎಂದು ಪಕ್ಕದ ಮನೆಯವರು ನಕ್ಕರು. ಭಾವ ನಗಲಿಲ್ಲ, ನಗಲು ಕೆನ್ನೆ ಆಗಲೇ ಎಳೆಯುತ್ತಿತ್ತು. ಆದರೆ ಕಂತು ಎಂಬ ಪದ ಅವರಿಗೆ ನಾಟಿತು. ಬ್ಯಾಂಕಿನ ಸಾಲ ಅವರಿಗೆ ಹೊಸದಲ್ಲ.

ನಾಲ್ಕನೆಯ ವಾರ, ಷಷ್ಠಿ, ಸರ್ಪಸುತ್ತು

ಪ್ರಕರಣ ಕೈತಪ್ಪುವ ಹಂತಕ್ಕೆ ಬಂದದ್ದು ಇಲ್ಲಿ.

ಹನ್ನೆರಡನೆಯ ದಿನದ ಹೊತ್ತಿಗೆ ಎಡಗೆನ್ನೆಯ ಒಳಗೆ ಕೆಂಪಾಯಿತು. ಮೂರನೆಯ ವಾರ ಅಲ್ಲಲ್ಲಿ ಬಿಳಿ ಪೊರೆ, ನಾಲ್ಕನೆಯ ವಾರ ಆ ಪೊರೆಗಳೆಲ್ಲ ಕೂಡಿಕೊಂಡು ಒಂದೇ ಹುಣ್ಣು. ರುಚಿ ಹೋಯಿತು. ನಾಲಿಗೆಯ ರುಚಿ ಮೊಗ್ಗಿನ ಕೋಶಗಳ ಆಯುಸ್ಸು ಹತ್ತು ಹನ್ನೆರಡು ದಿನ; ಕಿರಣ ಅವನ್ನು ನೇರವಾಗಿ ಕೊಲ್ಲುವುದಕ್ಕಿಂತ ಅವುಗಳ ಜಾಗಕ್ಕೆ ಬರಬೇಕಾದ ಮರಿಕೋಶಗಳ ಪೂರೈಕೆಯನ್ನು ನಿಲ್ಲಿಸುತ್ತದೆ ಎಂದು ಇಲಿಗಳಲ್ಲಿ ನೋಡಿದ್ದಾರೆ. ಅಂಗಡಿಯ ಸರಕು ಮುಗಿಯಿತು, ಲಾರಿ ಬರಲಿಲ್ಲ. ಮುದ್ದೆ ನುಂಗಿ ಬೆಳೆದ ಮನುಷ್ಯ ಜೊಲ್ಲಿಲ್ಲದೆ ಮುದ್ದೆ ನುಂಗಲಾರದೆ ಹೋದರು. 58 ಕಿಲೋ ಇದ್ದವರು 52ಕ್ಕೆ ಇಳಿದರು. ಮೂಗಿನಿಂದ ನಳಿಕೆ ಹಾಕಿ ರಾಗಿ ಗಂಜಿ, ಹಾಲು, ಮೊಟ್ಟೆ ಕದಡಿ ಬಿಡುತ್ತಿದ್ದಳು ಅಕ್ಕ.

ಹೊರಗೆ ಕತ್ತಿನ ಎಡಭಾಗ ಕಪ್ಪುಗೆಂಪಾಯಿತು, ಗೆರೆ ಎಳೆದ ಹಾಗೆ ಅಂಚು. ಊರಿನ ಹಿರಿಯರೊಬ್ಬರು ನೋಡಿದವರೇ ‘ಇದು ಸರ್ಪಸುತ್ತು’ ಎಂದರು. ರಾಮನಾಥಪುರದ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಷಷ್ಠಿಯ ತೇರಿಗೆ ಹೋಗಬೇಕು, ಹದಿನೈದು ದಿನ ಕರೆಂಟು ನಿಲ್ಲಿಸಿ ಪಥ್ಯ ಮಾಡಬೇಕು ಎಂದು ತೀರ್ಮಾನವೂ ಆಯಿತು. ಚರ್ಮದ ಕಾಯಿಲೆಗೆ ಸುಬ್ರಹ್ಮಣ್ಯನನ್ನು ನೆನೆಯುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದನ್ನು ಹೀಗಳೆಯಲು ನನಗೆ ಇಷ್ಟವಿಲ್ಲ. ನನ್ನ ತಕರಾರು ಇದ್ದದ್ದು ಹದಿನೈದು ದಿನದ ಬಗ್ಗೆ.

ಗೆರೆ ಎಳೆದಂಥ ಅಂಚೇ ಅದು ಸರ್ಪಸುತ್ತಲ್ಲ ಎಂಬುದಕ್ಕೆ ಸಾಕ್ಷಿ. ಸರ್ಪಸುತ್ತು ನರದ ಜಾಡು ಹಿಡಿಯುತ್ತದೆ, ಇದು ಯಂತ್ರದ ಕಿಂಡಿಯ ಆಕಾರ ಹಿಡಿದಿತ್ತು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜಾನ್ ಹೋಪ್‌ವೆಲ್ ಮತ್ತು ಸಂಗಡಿಗರು ಹಂದಿಗಳ ಪಕ್ಕೆಯ ಮೇಲೆ ಇಂಥದೇ ಅಂಚಿನ ಪಟ್ಟಿಗಳಿಗೆ ಕಿರಣ ಕೊಟ್ಟು ವರ್ಷಗಟ್ಟಲೆ ನೋಡಿದವರು. ಹಂದಿಯೇ ಏಕೆಂದರೆ ಅದರ ಚರ್ಮಕ್ಕೂ ನಮ್ಮದಕ್ಕೂ ದಪ್ಪ, ಕೂದಲಿನ ವಿರಳತೆ, ಅಡಿಯ ಕೊಬ್ಬಿನ ಜೊತೆಗಿನ ಅಂಟು, ಎಲ್ಲದರಲ್ಲೂ ಹೋಲಿಕೆಯಿದೆ. ಅಲ್ಲಿ ಎರಡು ಅಲೆ ಕಂಡವು. ಮೊದಲನೆಯದು ಕೆಲವೇ ವಾರಗಳಲ್ಲಿ: ಮೇಲ್ಪದರದ ಬುಡದ ಕೋಶಗಳು ಅಳಿದು, ಸವೆದ ಚರ್ಮದ ಜಾಗಕ್ಕೆ ಹೊಸದು ಬಾರದೆ ಸಿಪ್ಪೆ ಏಳುವುದು, ಹೆಚ್ಚಾದರೆ ನೀರೊಸರುವುದು. ಅದು ಮಾಗಿದ ಮೇಲೆ, ಹತ್ತರಿಂದ ಹದಿನಾರು ವಾರಗಳ ನಡುವೆ, ಎರಡನೆಯ ಅಲೆ. ಇದು ಒಳಪದರದ ಸಣ್ಣ ರಕ್ತನಾಳಗಳದು. ಒಂದೇ ದಿನ ಬಿದ್ದ ಕಿರಣಕ್ಕೆ ಒಂದೇ ಚರ್ಮದ ಎರಡು ಪದರಗಳು ಬೇರೆ ಬೇರೆ ತಿಂಗಳಲ್ಲಿ ಉತ್ತರ ಕೊಟ್ಟವು. ಭಾವನವರ ಕತ್ತಿನಲ್ಲಿದ್ದದ್ದು ಮೊದಲನೆಯ ಅಲೆ.

ಬಾಯಿಯ ಹುಣ್ಣಿಗೆ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿ ಉತ್ತರ ಕೊಟ್ಟಿದೆ. ಅದರ ಕೆನ್ನೆಯೊಳಗೆ ಕಾಳು ತುಂಬಿಕೊಳ್ಳುವ ಚೀಲವಿದೆ, ಹೊರಕ್ಕೆ ಮಗುಚಿ ನೋಡಬಹುದು. ಭಾವನವರ ಕಡ್ಡಿಪುಡಿಯ ಜಾಗವೇ ಎನ್ನಿ. ಒಂದೇ ದೊಡ್ಡ ಕಂತಿನ ಕಿರಣ ಕೊಟ್ಟರೂ ಅಲ್ಲಿ ಹುಣ್ಣು ತುದಿಗೇರುವುದು ಎರಡು ವಾರ ಕಳೆದ ಮೇಲೆ. ಆದರೆ ಪೊರೆಯ ಅಡಿಯ ರಕ್ತನಾಳ ಮತ್ತು ನಾರಿನ ಪದರದಲ್ಲಿ ಉರಿಯೂತದ ಗದ್ದಲ ಮೊದಲ ದಿನಗಳಲ್ಲೇ ಎದ್ದಿರುತ್ತದೆ. ಬೂದಿ ಮುಚ್ಚಿದ ಕೆಂಡ ಎಂದರೆ ಅದೇ.

ಹದಿನೈದು ದಿನ ಏಕೆ ಬಿಡಬಾರದು? ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ವುಲ್ಫ್‌ಗಾಂಗ್ ಡೋರ್ ಅವರ ತಂಡ ಇಲಿಗಳ ನಾಲಿಗೆಗೆ ದಿನದಿನವೂ ಕಂತು ಕೊಟ್ಟು ನೋಡಿತ್ತು. ಚಿಕಿತ್ಸೆ ಒಂದು ವಾರ ದಾಟಿದ ಮೇಲೆ ಪೊರೆಯ ಬುಡದ ಕೋಶಗಳು ಎಚ್ಚೆತ್ತು ಎಂದಿಗಿಂತ ವೇಗವಾಗಿ ಮರಿ ಹಾಕತೊಡಗುತ್ತವೆ. ಬಿಡುವು ಕೊಟ್ಟರೆ ಪೊರೆ ಬೇಗ ಕೂಡುತ್ತದೆ. ಆದ್ದರಿಂದ ಊರಿನವರ ಲೆಕ್ಕ ಅರ್ಧ ಸರಿ, ನಿಲ್ಲಿಸಿದ್ದರೆ ಬಾಯಿ ನಿಜಕ್ಕೂ ಮಾಗುತ್ತಿತ್ತು. ಉಳಿದರ್ಧ ಭಯಂಕರ: ಅದೇ ಬಿಡುವಿನಲ್ಲಿ ಕ್ಯಾನ್ಸರ್ ಕೋಶಗಳೂ ಅದನ್ನೇ ಮಾಡುತ್ತವೆ. ವಿಕಿರಣ ಚಿಕಿತ್ಸೆಯ ತಜ್ಞ ರಾಡ್ನಿ ವಿದರ್ಸ್ ಮತ್ತು ಜೊತೆಗಾರರು 1988ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಕೂಡಿಸಿ ನೋಡಿದಾಗ ಹತ್ತಿರ ಹತ್ತಿರ ನಾಲ್ಕು ವಾರಕ್ಕೆ ಗಂಟು ಚುರುಕಾಗುತ್ತದೆ, ಆಮೇಲೆ ಪ್ರತಿ ದಿನದ ಬೆಳವಣಿಗೆಯನ್ನು ಸರಿದೂಗಿಸಲು ಸುಮಾರು 0.6 ಗ್ರೇ ಬೇಕು ಎಂದು ಕಂಡಿತು. ಅವರು ನೋಡಿದ್ದು ಶಸ್ತ್ರಚಿಕಿತ್ಸೆಯಾಗದೆ ಉಳಿದ ಗಂಟುಗಳನ್ನು. ಶಸ್ತ್ರಚಿಕಿತ್ಸೆಯ ನಂತರ ಅಳಿದುಳಿದ ಕೋಶಗಳು ಬೇರೆ ನ್ಯಾಯ ಪಾಲಿಸುತ್ತವೆ ಎಂದುಕೊಳ್ಳಲು ಕಾರಣವಿಲ್ಲ. ಹದಿನೈದು ದಿನಕ್ಕೆ 9 ಗ್ರೇ, ಅಂದರೆ ನಾಲ್ಕೂವರೆ ಕಂತು ನೀರಿನಲ್ಲಿ ಹೋಮ.

ಭಾವ ಕೇಳಿಸಿಕೊಂಡರು. ಮಾತನಾಡಲಾಗದೆ ಚೀಟಿಯಲ್ಲಿ ಬರೆದರು: ‘ಹಾಗಾದರೆ ಎರಡು ದಿನದ್ದು ಒಟ್ಟಿಗೆ ಕೊಡಲಿ. ಷಷ್ಠಿಗೆ ಹೋಗುತ್ತೇನೆ.’

ರೈತನ ಸಹಜ ಪ್ರಶ್ನೆ, ತಪ್ಪಿದ ಕಂತನ್ನು ಮುಂದಿನ ಕಂತಿಗೆ ಸೇರಿಸಿ ಕಟ್ಟುವುದಿಲ್ಲವೇ? ಇಲ್ಲಿ ಆಗುವುದಿಲ್ಲ. ಕಂತು ದಪ್ಪವಾದಷ್ಟೂ ತಡವಾಗಿ ಉತ್ತರ ಕೊಡುವ ಅಂಗಾಂಶಗಳಿಗೆ, ಅಂದರೆ ಮೂಳೆಗೆ, ನಾರಿಗೆ, ಬೆನ್ನುಹುರಿಗೆ, ಪೆಟ್ಟು ಲೆಕ್ಕಕ್ಕೆ ಮೀರಿ ಏರುತ್ತದೆ. ಇಲಿಗಳ ಬೆನ್ನುಹುರಿಯ ಮೇಲಿನ ಪ್ರಯೋಗಗಳು ಇದನ್ನು ನಿಷ್ಠುರವಾಗಿ ತೋರಿಸಿವೆ. ತಿಂಗಳುಗಟ್ಟಲೆ ಚೆನ್ನಾಗಿ ಓಡಾಡಿದ ಇಲಿಯ ಹಿಂಗಾಲು ಒಂದು ದಿನ ಬಿದ್ದುಹೋಗುತ್ತದೆ. ಒಂದೇ ದಿನ ಎರಡು ಕಂತು ಕೊಡಲೇಬೇಕಾದರೆ ನಡುವೆ ಕನಿಷ್ಠ ಆರು ಗಂಟೆ ಬಿಡಬೇಕೆಂಬ ನಿಯಮಕ್ಕೆ ಆಧಾರ ಇಂಥ ಅಂಗಾಂಶಗಳ ನಿಧಾನ ರಿಪೇರಿಯೇ. ಬೆಸುಗೆ ಆರುವ ಮುನ್ನ ಮತ್ತೊಂದು ಏಟು ಬೀಳಬಾರದು.

ಈ ಆರು ಗಂಟೆಯೇ ದಾರಿ ತೋರಿಸಿತು. ಆಸ್ಪತ್ರೆಯ ವೈದ್ಯರಿಗೆ ಷಷ್ಠಿಯ ವಿಷಯ ಮುಚ್ಚಿಡದೆ ಹೇಳಿದೆವು. ಅವರು ಗದರಲಿಲ್ಲ. ಹಬ್ಬ ಸೋಮವಾರ. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಒಂದು ಕಂತು, ಮಧ್ಯಾಹ್ನ ಮೂರರ ಮೇಲೆ ಇನ್ನೊಂದು, ಎರಡೂ ಎಂದಿನ 2 ಗ್ರೇಯೇ. ಇಪ್ಪತ್ತೊಂದು ಕಂತು ಮುಗಿಸಿ ಭಾವ ಊರಿಗೆ ಬಂದರು, ಮೂಗಿನ ನಳಿಕೆಯ ಮೇಲೆ ಟವೆಲು ಸುತ್ತಿಕೊಂಡು ದೂರದಿಂದ ತೇರು ನೋಡಿದರು, ಮಂಗಳವಾರ ಮೈಸೂರಿನಲ್ಲಿದ್ದರು. ಒಂದು ದಿನವೂ ತಪ್ಪಲಿಲ್ಲ. ಈ ಪ್ರಕರಣದಲ್ಲಿ ನಾನು ಉಪಯೋಗಕ್ಕೆ ಬಂದದ್ದು ಇದೊಂದಕ್ಕೆ ಎಂದು ನನ್ನ ಎಣಿಕೆ.

ಮುಗಿದ ಮೇಲೆ

ಮೂವತ್ತನೆಯ ಕಂತು ಮುಗಿದ ವಾರ ಕತ್ತಿನ ಚರ್ಮ ಕಿತ್ತು ನೀರೊಸರಿತು. ನಿಲ್ಲಿಸಿದ ಮೇಲೂ ಹೆಚ್ಚಾಗುವುದು ಹೇಗೆ ಎಂದು ಅಕ್ಕ ಹೆದರಿದಳು. ಕೊನೆಯ ಕಂತುಗಳ ವಾಯಿದೆ ಇನ್ನೂ ಬಾಕಿಯಿತ್ತು, ಅಷ್ಟೇ. ಎರಡು ವಾರದ ನಂತರ ಇಳಿಮುಖ. ಸಂಕ್ರಾಂತಿಯ ಹೊತ್ತಿಗೆ ಬಾಯಿ ಕೂಡಿತ್ತು. ಎಳ್ಳು ಚುಚ್ಚುತ್ತದೆಂದು ಬೆಲ್ಲದ ಚೂರನ್ನು ಮಾತ್ರ ನಾಲಿಗೆಯ ಮೇಲಿಟ್ಟುಕೊಂಡು ‘ಮಣ್ಣು’ ಎಂದರು. ಸಿಹಿ ಮರಳಿದ್ದು ಯುಗಾದಿ ಕಳೆದ ಮೇಲೆ.

ಇಲ್ಲೊಂದು ಎಚ್ಚರಿಕೆ ಹೇಳದಿದ್ದರೆ ನನ್ನ ಕಸುಬಿಗೆ ದ್ರೋಹವಾದೀತು. ಪ್ರಾಣಿಗಳಿಂದ ನಾವು ಎರವಲು ಪಡೆಯಬಹುದಾದದ್ದು ಕ್ರಮವನ್ನು, ಅಂಕಿಗಳನ್ನಲ್ಲ. ಇಡೀ ಮೈಗೆ ಬಿದ್ದಾಗ ಅರ್ಧದಷ್ಟು ಸಾಯುವ ಪ್ರಮಾಣ ಇಲಿಗೆ ಆರೇಳು ಗ್ರೇ, ಅದೇ ನಾಯಿ, ಕುರಿ, ಹಂದಿಗಳಿಗೆ ಎರಡು ಮೂರು ಗ್ರೇಯ ಸುತ್ತ. ಇಲಿಯ ಚರ್ಮ ವಾರದೊಪ್ಪತ್ತಿನಲ್ಲಿ ಹೊಸದಾಗುತ್ತದೆ, ನಮ್ಮದಕ್ಕೆ ತಿಂಗಳ ಮೇಲೆ ಬೇಕು. ಇಲಿಯಲ್ಲಿ ಕೆಲಸ ಮಾಡಿದ ಔಷಧಿಯ ಸುದ್ದಿ ಪತ್ರಿಕೆಯಲ್ಲಿ ಬಂದ ಕೂಡಲೇ ಕತ್ತರಿಸಿ ತಂದು ತೋರಿಸುವವರಿಗೆ ನಾನು ಹೇಳುವುದು ಇಷ್ಟೇ. ಇನ್ನೊಂದು ಮಾತು: ಆ ಹಂದಿ, ಕೋತಿಗಳು ಒಪ್ಪಿ ಬಂದವಲ್ಲ. ಇದನ್ನು ಬರೆಯುವಾಗಲೂ ನನಗೆ ಸಮಾಧಾನವಿಲ್ಲ.

ಹದಿನಾಲ್ಕು ತಿಂಗಳ ನಂತರದ ಹಲ್ಲು

ಕ್ಯಾನ್ಸರ್ ಮರಳಲಿಲ್ಲ. ಎಡಗೆನ್ನೆ ತೊಗಲಿನ ಚೀಲದಂತೆ ಗಟ್ಟಿಯಾಯಿತು, ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ತೂರಿ ದಿನವೂ ಅಗಲ ಮಾಡುವ ವ್ಯಾಯಾಮ ಕೊಟ್ಟಿದ್ದರು. ಮಾಡಿದ ದಿನ ಮಾಡಿದರು. ಎಡಭಾಗದಲ್ಲಿ ಗಡ್ಡ ಬೆಳೆಯಲಿಲ್ಲ. ಕಿರಣದ ಅಂಚಿನಲ್ಲಿ ಮಾತ್ರ ಬೆಳ್ಳಿಗೆರೆಯಂತೆ ನಾಲ್ಕು ಕೂದಲು. ಅದನ್ನು ನೋಡಿದಾಗಲೆಲ್ಲ ನನಗೆ 1945ರ ಜುಲೈ 16ರಂದು ಅಮೆರಿಕ ಮೊದಲ ಅಣುಬಾಂಬ್ ಪರೀಕ್ಷಿಸಿದಾಗ ಹತ್ತಿರದ ಹುಲ್ಲುಗಾವಲಿನಲ್ಲಿದ್ದ ಹಸುಗಳು ನೆನಪಾಗುತ್ತವೆ. ಬೆನ್ನ ಮೇಲೆ ವಿಕಿರಣದ ದೂಳು ಬಿದ್ದಲ್ಲಿ ಕೂದಲು ಉದುರಿ, ಆಮೇಲೆ ಬೆಳ್ಳಗೆ ಹುಟ್ಟಿತು. ಬಣ್ಣದ ಕೋಶಗಳ ಬಿತ್ತನೆ ಕಿರಣದ ಪೆಟ್ಟಿಗೆ ಅಕಾಲದಲ್ಲಿ ಬಲಿತು ತೀರಿಹೋಗುತ್ತದೆ ಎಂಬ ವಿವರಣೆ ಬಂದದ್ದು 2009ರಲ್ಲಿ, ಜಪಾನಿನ ಇಲಿಗಳಿಂದ.

ಹದಿನಾಲ್ಕನೆಯ ತಿಂಗಳಲ್ಲಿ ಎಡ ದವಡೆಯಲ್ಲಿ ಉಳಿದಿದ್ದ ಒಂದು ಹಲ್ಲು ನೋಯತೊಡಗಿತು. ಭಾವ ಯಾರಿಗೂ ಹೇಳದೆ ಹತ್ತಿರದ ಪಟ್ಟಣದ ಹಲ್ಲಿನ ದವಾಖಾನೆಯೊಂದಕ್ಕೆ ಹೋದರು. ಅಲ್ಲಿ ಕೇಳಲಿಲ್ಲ, ಇವರು ಹೇಳಲಿಲ್ಲ, ಹತ್ತು ನಿಮಿಷದಲ್ಲಿ ಹಲ್ಲು ಹೊರಗೆ. ಎರಡು ತಿಂಗಳಾದರೂ ಕುಳಿ ಮುಚ್ಚಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ: ಹಳದಿ ಮೂಳೆ ಬರಿದಾಗಿ ಕಾಣುತ್ತಿತ್ತು. ವರ್ಷದ ಹಿಂದೆ ಹಲ್ಲು ಕಿತ್ತು ಮಾಗಿಸಿಯೇ ಕಿರಣ ಶುರು ಮಾಡಿದ್ದು ಇದನ್ನು ತಪ್ಪಿಸಲೆಂದೇ. ಕೆಳದವಡೆ ಗಟ್ಟಿಮೂಳೆ, ರಕ್ತದ ಸರಬರಾಜು ಕಡಿಮೆ. ಕಿರಣದ ನಂತರ ಸಣ್ಣ ನಾಳಗಳು ಮೆಲ್ಲಗೆ ಬತ್ತುತ್ತವೆ, ಮೂಳೆ ಕಟ್ಟುವ ಕೋಶಗಳು ವಿರಳವಾಗುತ್ತವೆ. ಮೂಳೆ ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಹಾಗೆಯೇ ಇರಬಲ್ಲದು, ಗಾಯ ಮಾಡಿ ‘ಈಗ ಕಟ್ಟು’ ಎಂದು ಕೇಳುವವರೆಗೆ. ಬಿತ್ತಿದಾಗಲೇ ಗೊತ್ತಾಗುವ ಗೆಡ್ಡೆ. ತಪ್ಪು ನನ್ನದೂ ಇದೆ. ಬಾಯಿ, ಚರ್ಮದ ವಾಯಿದೆಗಳನ್ನು ಪಾಠ ಮಾಡಿದವನು ಮೂಳೆಯದನ್ನು ಒತ್ತಿ ಹೇಳಿರಲಿಲ್ಲ.

ಮೈಸೂರಿನವರು ಸಡಿಲ ಚೂರು ತೆಗೆದು, ಆ್ಯಂಟಿಬಯೋಟಿಕ್ ಕೊಟ್ಟು, ಜೊತೆಗೆ ಎರಡು ಮಾತ್ರೆ ಬರೆದರು: ಪೆಂಟಾಕ್ಸಿಫೈಲಿನ್ (ರಕ್ತದ ಹರಿವು ಸುಗಮ ಮಾಡುವ ಔಷಧಿ) ಮತ್ತು ವಿಟಮಿನ್ ಇ. ಚೀಟಿ ನೋಡಿ ನನಗೆ ಅಚ್ಚರಿಯಾಯಿತು, ಮತ್ತೆ ಹಂದಿ! ಫ್ರಾನ್ಸಿನ ಲೆಫೇ ಮತ್ತು ಡೆಲಾನಿಯನ್ ತಂಡ 1999ರಲ್ಲಿ, ಭಾರಿ ಪ್ರಮಾಣದ ಗಾಮಾ ಕಿರಣದಿಂದ ಚರ್ಮದಡಿಯ ಮಾಂಸ ನಾರುಗಟ್ಟಿದ ಹಂದಿಗಳಿಗೆ ಈ ಜೋಡಿಯನ್ನು ತಿಂಗಳುಗಟ್ಟಲೆ ಕೊಟ್ಟಾಗ ಆ ಗಡಸುತನ ಗಣನೀಯವಾಗಿ ಇಳಿಯಿತು. ಪೆಂಟಾಕ್ಸಿಫೈಲಿನ್ ಒಂದನ್ನೇ ಕೊಟ್ಟವಕ್ಕೆ ಗುಣ ಕಾಣಲಿಲ್ಲ. ಕಿರಣದ ಕೊನೆಯ ಹಾನಿ ಕಲ್ಲಿನ ಮೇಲೆ ಬರೆದದ್ದು ಎಂದು ನಂಬಿದ್ದ ಕಾಲದಲ್ಲಿ ಅದು ದೊಡ್ಡ ಮಾತು. ದವಡೆ ಮೂಳೆಯ ರೋಗಿಗಳಲ್ಲಿ ಸಣ್ಣ ಗುಂಪುಗಳ ಅನುಭವ ಭರವಸೆ ಕೊಡುವಂತಿದೆ. ಎಲ್ಲರಿಗೂ ಒದಗುತ್ತದೆಂದು ನಾನು ಹೇಳಲಾರೆ.

ಮಾತ್ರೆ ಶುರುವಾಗಿ ಏಳು ತಿಂಗಳು. ಮೂರು ತಿಂಗಳ ಹಿಂದೆ ಅಕ್ಕಿಕಾಳಿನ ಗಾತ್ರದ ಮೂಳೆ ಚೂರು ತಾನಾಗಿಯೇ ಉದುರಿತು, ಭಾವ ಅದನ್ನು ಔಷಧಿಯ ಡಬ್ಬಿಯಲ್ಲಿ ಹಾಕಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾರೆ. ತೂಕ 55 ಕಿಲೋ. ಮುದ್ದೆಯನ್ನು ಸಾರಿನಲ್ಲಿ ಮುಳುಗಿಸಿ ಚಿಕ್ಕ ತುತ್ತು ಮಾಡಿ ನುಂಗುತ್ತಾರೆ. ಕಳೆದ ತಿಂಗಳು ನೋಡಿದಾಗ ಬರಿದಾದ ಮೂಳೆ ತೊಗರಿಬೇಳೆಯಷ್ಟು ಅಗಲ ಉಳಿದಿತ್ತು. ಮುಂದಿನ ತಪಾಸಣೆ ಸೊಪ್ಪಿನ ಸಸಿ ನಾಟಿ ಮುಗಿದ ಮೇಲೆ.